ಸಿಲ್ವರ್‌ಟೋನ್ 1482: ಹಮ್ ನಿಲ್ತಾನೇ ಇಲ್ಲ, ಸಾಕಾಗಿದೆ

ಎಡಿಸನ್_ಕನ್ನಡಿಗ
ಅಮೆರಿಕದ ಸಿಯರ್ಸ್ ಅಂಗಡಿಯ ಹಳೇ ಗಿಟಾರ್ ಆಂಪ್, ಸಿಲ್ವರ್‌ಟೋನ್ 1482, ಇದೆ ನನ್ನತ್ರ, ಹನ್ನೆರಡು ಇಂಚಿನ ಒಂದು ಸ್ಪೀಕರ್, ಎರಡು 6ವಿ6 ಔಟ್‌ಪುಟ್ ಟ್ಯೂಬ್ (ವಾಲ್ವ್). ವಾಲ್ಯೂಮ್ ಅರ್ಧ ದಾಟಿದ ತಕ್ಷಣ ಒರಟು ಗಂಟಲಲ್ಲಿ ಹಾಡೋಕೆ ಶುರು ಮಾಡತ್ತೆ ನೋಡಿ, ಆ ಸೌಂಡ್ ಹೊಸ ಆಂಪ್ ಯಾವುದ್ರಲ್ಲೂ ನಂಗೆ ಸಿಕ್ಕಿಲ್ಲ. ಆದ್ರೆ ಹಮ್! ಆನ್ ಮಾಡ್ದಾಗ ಚೆನ್ನಾಗೇ ಇರತ್ತೆ, ಸ್ವಲ್ಪ ಹೊತ್ತಾದ್ಮೇಲೆ ಗುಂಯ್ ಅಂತ ಶುರುವಾಗಿ ಏರ್ತಾನೇ ಹೋಗತ್ತೆ, ಆಮೇಲೆ ಸೌಂಡೂ ಮಂಕಾಗತ್ತೆ. ಟ್ಯೂಬ್ ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ, ಏನೂ ಪ್ರಯೋಜನ ಇಲ್ಲ. ಯಾರಾದ್ರೂ ದಾರಿ ತೋರಿಸಿ.

ವಾಲ್ವ್_ಮೇಷ್ಟ್ರು
ವೋಲ್ಟೇಜ್ ಇಳಿಸೋ ಸ್ಟೆಪ್‌ಡೌನ್ ಯಾವ್ದು ಹಾಕಿದೀರಿ? ಅಮೆರಿಕದ ಟ್ರಾನ್ಸ್‌ಫಾರ್ಮರ್ 60 ಹರ್ಟ್ಸ್‌ಗೆ ಸುತ್ತಿರೋದು, ನಮ್ಮ 50 ಹರ್ಟ್ಸ್‌ನಲ್ಲಿ ಕೋರ್ ಬೇಗ ಸ್ಯಾಚುರೇಟ್ ಆಗಿ ಬಿಸಿಯಾಗತ್ತೆ, ಗುಂಯ್ ಅನ್ನತ್ತೆ. ಬೆಂಗಳೂರಲ್ಲಿ ಇದನ್ನ ಎಷ್ಟೋ ಸೆಟ್‌ಗಳಲ್ಲಿ ನೋಡಿದೀನಿ.

ಎಡಿಸನ್_ಕನ್ನಡಿಗ
ಸರ್ ನಾನಿರೋದು ನ್ಯೂಜೆರ್ಸಿ, ನೇರ ಗೋಡೆಗೇ ಪ್ಲಗ್. ಆಂಪ್ ಹುಟ್ಟಿದ್ದೂ ಇದೇ ರಾಜ್ಯದಲ್ಲಿ, ನೆಪ್ಚೂನ್‌ನ ಡ್ಯಾನ್‌ಎಲೆಕ್ಟ್ರೋ ಫ್ಯಾಕ್ಟ್ರಿ.

ವಾಲ್ವ್_ಮೇಷ್ಟ್ರು
ಹಾಗಾದ್ರೆ ಫಿಲ್ಟರ್ ಕೆಪಾಸಿಟರ್, ಡಿಸಿ ಸಪ್ಲೈನ ಏರಿಳಿತ ನುಣುಪು ಮಾಡೋದು. ಅರವತ್ತರ ದಶಕದ ಎಲೆಕ್ಟ್ರೋಲಿಟಿಕ್ ಇಷ್ಟೊತ್ತಿಗೆ ಒಣಗಿ ಹೋಗಿರತ್ತೆ, ಎಲ್ಲಾ ತೆಗೆದು ಹೊಸದು ಹಾಕಿ.

ಎಡಿಸನ್_ಕನ್ನಡಿಗ
ಅದು ಹೋದ ವರ್ಷನೇ ಹಾಕ್ಸಿದೀನಿ ಸರ್.

ವಾಲ್ವ್_ಮೇಷ್ಟ್ರು
ಎಷ್ಟು ಮೈಕ್ರೋಫ್ಯಾರಡ್? ಗ್ರೌಂಡ್ ಎಲ್ಲಿ ಬೆಸುಗೆ ಹಾಕಿದಾರೆ? ಮೊದಲ್ನೇದನ್ನ 100 ಮಾಡಿ ನೋಡಿ, ಹಮ್ ಸತ್ತೋಗತ್ತೆ.

ಚಿಕಾಗೋ_ತಂತಿ
ಬೇಡ ಮಾರಾಯ್ರೆ! ಎಸಿನ ಡಿಸಿ ಮಾಡೋ ವಾಲ್ವ್ ರೆಕ್ಟಿಫೈಯರ್ ಮುಂದೆ ಅಷ್ಟು ದೊಡ್ಡ ಕೆಪಾಸಿಟರ್ ಇಟ್ರೆ ಆನ್ ಮಾಡಿದ ಕ್ಷಣದ ಕರೆಂಟ್‌ಗೇ ಆ ರೆಕ್ಟಿಫೈಯರ್ ಹೋಗತ್ತೆ. ಡೇಟಾಶೀಟಲ್ಲಿ ಮಿತಿ ಬರ್ದಿರ್ತಾರೆ. ಅಂದ ಹಾಗೆ ನನ್ನತ್ರ ಏರ್‌ಲೈನ್ ಆಂಪ್ ಇದೆ, ಮಾಂಟ್ಗಮರಿ ವಾರ್ಡ್ ಅಂಗಡಿ ಮಾರ್ತಿದ್ದಿದ್ದು, ಒಳಗೆ ನೋಡಿದ್ರೆ ವಾಲ್ಕೋ ಕಂಪನಿಯ ಕೆಲಸ, ಅದೇ ಸುಪ್ರೋ ಆಂಪ್ ಮಾಡ್ತಿದ್ದೋರು. ನನ್ನ ಕಿವಿಗೆ ಡ್ಯಾನ್‌ಎಲೆಕ್ಟ್ರೋಗಿಂತ ಒಂದು ಕೈ ಮೇಲು.

ಮೈಸೂರು_ಮ್ಯಾಂಡೊಲಿನ್
ಮೇಲೂ ಇಲ್ಲ ಕೆಳಗೂ ಇಲ್ಲ, ಬೇರೆ ಅಷ್ಟೆ. ಅಮೆರಿಕದ ರಾಕ್ ಗಿಟಾರಿಸ್ಟ್ ಜ್ಯಾಕ್ ವೈಟ್ ಹಿಂದೆ ನಿಂತಿದ್ದಿದ್ದು ಸಿಲ್ವರ್‌ಟೋನ್ 1485, ಆರು ಹತ್ತಿಂಚಿನ ಸ್ಪೀಕರ್‌ದು.

ಚಿಕಾಗೋ_ತಂತಿ
ಅವನ ಕೈಯಲ್ಲಿದ್ದ ಗಿಟಾರ್ ಏರ್‌ಲೈನ್, ಅದನ್ನೂ ಹೇಳಿ ಮತ್ತೆ.

ಸೋಲ್ಡರ್_ಶಾರದಾ
ಜಗಳ ಆಮೇಲೆ. ಎಡಿಸನ್ ಅವ್ರೆ, ಮೂರು ಪ್ರಶ್ನೆ. ವಾಲ್ಯೂಮ್ ಪೂರ್ತಿ ಇಳಿಸಿದ್ರೆ ಹಮ್ ಕಮ್ಮಿ ಆಗತ್ತಾ? ಕತ್ತಲಲ್ಲಿ ನೋಡಿದ್ರೆ 6ವಿ6ಗಳು ಹೇಗಿವೆ? ಪವರ್ ಕಾರ್ಡ್ ಎರಡು ಪಿನ್ನಿಂದೋ ಮೂರೋ?

ಎಡಿಸನ್_ಕನ್ನಡಿಗ
ಕಮ್ಮಿ ಆಗಲ್ಲ. ಒಂದು 6ವಿ6 ಒಳಗಿನ ಪ್ಲೇಟ್ ಸ್ವಲ್ಪ ಕೆಂಪಗಾಗತ್ತೆ, ಟ್ಯೂಬ್ ಆಂಪ್ ಅಂದ್ರೆ ಹಾಗೇ ಅಲ್ವಾ ಅಂತ ಬರೀಲಿಲ್ಲ. ಕಾರ್ಡ್ ಎರಡು ಪಿನ್.

ಸೋಲ್ಡರ್_ಶಾರದಾ
ತಕ್ಷಣ ಆಫ್ ಮಾಡಿ! ಟ್ಯೂಬ್ ನಡುವಿನ ಹೀಟರ್ ಕೆಂಪಗಿರ್ಬೇಕು, ಅದರ ಸುತ್ತಲಿನ ಪ್ಲೇಟ್ ಆಗಬಾರ್ದು. ಫಿಲ್ಟರ್ ಹೋಗಿದ್ರೆ ಹಮ್ ಮೊದಲ ನಿಮಿಷದಿಂದ್ಲೇ ಇರತ್ತೆ, ನಿಮ್ದು ಬಿಸಿಯಾದ್ಮೇಲೆ ಬರ್ತಿದೆ, ವಾಲ್ಯೂಮ್‌ಗೂ ಬಗ್ತಿಲ್ಲ, ಅಂದ್ರೆ ತೊಂದರೆ ಇರೋದು ಔಟ್‌ಪುಟ್ ಕಡೆ. ಎರಡು 6ವಿ6 ಪುಶ್-ಪುಲ್‌ನಲ್ಲಿ (ಒಂದು ತಳ್ಳಿದ್ರೆ ಇನ್ನೊಂದು ಎಳೆಯೋ ಜೋಡಿ) ಸಮ ಕರೆಂಟ್ ಎಳೆದ್ರೆ ಸಪ್ಲೈನ ರಿಪಲ್, ಅಂದ್ರೆ ಉಳಿದ ಏರಿಳಿತ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಒಂದನ್ನೊಂದು ಹೊಡ್ಕೊಂಡು ಹೋಗತ್ತೆ, ಒಂದು ಜಾಸ್ತಿ ಎಳೆದ್ರೆ ಆ ಸಮತೋಲನ ತಪ್ಪಿ ಹಮ್ ಸ್ಪೀಕರ್‌ಗೆ ಬರತ್ತೆ. ನನ್ನ ಅನುಮಾನ, ಸಿಗ್ನಲ್‌ನ ಎರಡು ವಿರುದ್ಧ ಪ್ರತಿ ಮಾಡೋ ಫೇಸ್ ಇನ್ವರ್ಟರ್‌ನಿಂದ 6ವಿ6ನ ಕರೆಂಟ್ ಹತೋಟಿ ಮಾಡೋ ಗ್ರಿಡ್‌ಗೆ ಹೋಗೋ ಕಪ್ಲಿಂಗ್ ಕೆಪಾಸಿಟರ್ ಮೇಲೆ, ಸಿಗ್ನಲ್ ಮಾತ್ರ ಬಿಡಬೇಕಾದ ಅದು ಲೀಕ್ ಆಗಿ ಗ್ರಿಡ್‌ಗೆ ಪಾಸಿಟಿವ್ ಡಿಸಿ ಬಿಡ್ತಿದೆ, ಅದಕ್ಕೇ ಆ ಟ್ಯೂಬ್ ಜಾಸ್ತಿ ಎಳೀತಿದೆ. 6ವಿ6ನ 5ನೇ ಪಿನ್‌ನಿಂದ, ಅದೇ ಗ್ರಿಡ್, ಚಾಸಿಗೆ (ಲೋಹದ ಚೌಕಟ್ಟು) ಡಿಸಿ ಅಳೀರಿ, ಕ್ಯಾಥೋಡ್ ಬಯಸ್ ಇರೋದ್ರಿಂದ ಗ್ರಿಡ್‌ನಲ್ಲಿ ಸೊನ್ನೆ ಇರ್ಬೇಕು. ವೋಲ್ಟ್ ಕಂಡ್ರೆ ಆಫ್ ಮಾಡಿ ಆ ಟ್ಯೂಬ್ ಕಿತ್ತು ಮತ್ತೆ ಅಳೀರಿ: ವೋಲ್ಟ್ ಹಾಗೇ ಇದ್ರೆ ಕೆಪಾಸಿಟರ್ ತಪ್ಪು, ಮಾಯ ಆದ್ರೆ ಟ್ಯೂಬ್ ತಪ್ಪು. ಒಂದು ಕೈ ಜೇಬಲ್ಲಿರ್ಲಿ, ಒಳಗೆ ಕೈ ಹಾಕೋ ಮುಂಚೆ ಫಿಲ್ಟರ್ ಡಿಸ್ಚಾರ್ಜ್ ಮಾಡಿ. ಎರಡು ಪಿನ್ ಕಾರ್ಡ್ ಕಿತ್ತು ಅರ್ತ್ ಇರೋ ಮೂರು ಪಿನ್ನಿಂದು ಹಾಕಿ, ಮೇನ್ಸ್‌ನಿಂದ ಚಾಸಿಗೆ ಕೊಟ್ಟಿರೋ ಕೆಪಾಸಿಟರ್ ಇದ್ರೆ ಅದನ್ನ ತೆಗೀಲೇಬೇಕು. ಅದು ಶಾರ್ಟ್ ಆದ್ರೆ ಗಿಟಾರ್ ತಂತಿಗೇ ಕರೆಂಟ್.

ಮೈಸೂರು_ಮ್ಯಾಂಡೊಲಿನ್
ಹಳೇ ಕೆಪಾಸಿಟರ್ ತೆಗೆದ್ರೆ ಸೌಂಡಿನ ಗುಣನೇ ಹೋಗತ್ತೆ, ಯೋಚನೆ ಮಾಡಿ.

ಸೋಲ್ಡರ್_ಶಾರದಾ
ಲೀಕ್ ಆಗೋ ಕೆಪಾಸಿಟರ್ ಇಟ್ಕೊಂಡ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡತ್ತೆ ಸರ್, ಆ ಸೌಂಡಿನ ಅರ್ಧ ಇರೋದೇ ಅದರಲ್ಲಿ.

ವಾಲ್ವ್_ಮೇಷ್ಟ್ರು
ನಾನಿನ್ನೂ ಫಿಲ್ಟರ್ ಗ್ರೌಂಡ್ ಅಂತಾನೇ ಹೇಳ್ತೀನಿ. ಫೋಟೋ ಹಾಕಿ.

ಎಡಿಸನ್_ಕನ್ನಡಿಗ
ಅಳೆದೆ. ಒಂದು ಸಾಕೆಟ್‌ನಲ್ಲಿ ಸೊನ್ನೆ, ಕೆಂಪಾಗೋ ಕಡೆ 4 ವೋಲ್ಟ್, ಬಿಸಿಯಾದಷ್ಟೂ ಏರತ್ತೆ, ಟ್ಯೂಬ್ ಕಿತ್ರೂ ಇಳೀಲಿಲ್ಲ. ಎರಡೂ ಕಪ್ಲಿಂಗ್ ಕೆಪಾಸಿಟರ್ ಅದೇ ಬೆಲೆದು 630 ವೋಲ್ಟ್ ಫಿಲ್ಮ್ ಟೈಪ್ ಹಾಕಿದೆ, ಮೂರು ಪಿನ್ ಕಾರ್ಡೂ ಆಯ್ತು. ಸಂಜೆಯೆಲ್ಲಾ ಬಾರಿಸಿದೆ, ಹಮ್ ಏರ್ಲಿಲ್ಲ, ಪ್ಲೇಟ್ ಕಪ್ಪಗೇ ಇದೆ, ಒರಟು ಗಂಟಲೂ ಹಾಗೇ ಇದೆ. ಶಾರದಾ ಮೇಡಂ, ತುಂಬಾ ಥ್ಯಾಂಕ್ಸ್. ಒಂದೇ ಉಳಿದಿರೋದು, ಸೌಂಡನ್ನ ಏರಿಳಿಸೋ ಟ್ರೆಮೊಲೋ ಅಲ್ಲಾಡ್ತಾನೇ ಇಲ್ಲ.

ಸೋಲ್ಡರ್_ಶಾರದಾ
ಫುಟ್‌ಸ್ವಿಚ್ ಇದ್ಯಾ? ಸರ್ಕ್ಯೂಟ್ ಪ್ರಕಾರ ಆ ಜ್ಯಾಕ್ ಓಪನ್ ಇದ್ದಾಗ ಆನೋ ಆಫೋ ನೋಡಿ, ಆಮೇಲೆ ಆ ಏರಿಳಿತ ಹುಟ್ಟಿಸೋ ಆಸಿಲೇಟರ್‌ನ ಸಣ್ಣ ಕೆಪಾಸಿಟರ್‌ಗಳನ್ನ ನೋಡಿ.

ಚಿಕಾಗೋ_ತಂತಿ
ಸ್ಪೀಕರ್ ಹಿಂದೆ ಕೋಡ್ ಏನಿದೆ? 220 ಅಂತ ಶುರುವಾದ್ರೆ ಜೆನ್ಸನ್ ಕಂಪನಿದು. ನನ್ನ ಏರ್‌ಲೈನ್‌ದೂ ಅದೇ, ಫೋಟೋ ಹಾಕ್ತೀನಿ ತಡೀರಿ.