ಎಲ್‌ಇಡಿ ಸೀರಿಯಲ್ ಸೆಟ್ಟಿನಲ್ಲಿ ಕೆಟ್ಟ ಬಲ್ಬ್ ಹುಡುಕೋಕೆ ಯಾವ ಟೆಸ್ಟರ್ ತಗೊಳ್ಳೋದು?

ಶಾಮಿಯಾನ_ದಾವಣಗೆರೆ

ಗಣಪತಿ ಹಬ್ಬ ಹತ್ರ ಬಂತು. ಗೋದಾಮಿನಾಗ ಎಲ್‌ಇಡಿ ಸೀರಿಯಲ್ ಸೆಟ್ ರಾಶಿ ಬಿದ್ದೈತಿ, ಅರ್ಧಕ್ಕರ್ಧ ಸೆಟ್ಟಿನಾಗ ಒಂದೊಂದು ಭಾಗ ಕತ್ತಲು. ಎರಡು ನಮೂನಿ ಅದಾವ.

ಒಂದು, ಡಬ್ಬಿ ಇರೋದು. ಬಟನ್ ಒತ್ತಿದ್ರ ಓಡೋದು, ಮಿಣುಕೋದು ಎಲ್ಲಾ ಮಾಡ್ತೈತಿ. ಡಬ್ಬಿ ಒಳಗ ನಾಲ್ಕು 1ಎನ್4007 ಡಯೋಡು, ಮೂರು ಎಸ್‌ಸಿಆರ್. ಎಸ್‌ಸಿಆರ್ ಅಂದ್ರ ಒಂದೊಂದು ಸರ ಹಚ್ಚಿ ಆರಿಸೋ ಎಲೆಕ್ಟ್ರಾನಿಕ್ ಸ್ವಿಚ್ಚು. ಎಲ್ಲಾ ಸರಕ್ಕೂ ಸೇರಿ ಒಂದು ಕಾಮನ್, ಸರಕ್ಕೊಂದರಂಗ ಮೂರು ಚಾನೆಲ್, ಒಟ್ಟು ನಾಲ್ಕು ವೈರ್ ಹೊರಗ ಬರ್ತಾವ. ಇನ್ನೊಂದು ಡಬ್ಬಿ ಇಲ್ಲದ್ದು, ಪ್ಲಗ್ ಹತ್ರ ಒಂದು ಡಯೋಡು, ಒಂದು ರೆಸಿಸ್ಟರ್ ಅಷ್ಟೇ.

ಬೀಪ್ ಮಾಡೋ ಪೆನ್ ಟೆಸ್ಟರ್ ಎರಡನೇ ನಮೂನಿಗೆ ಒಂದಿಷ್ಟು ದಾರಿ ತೋರಸ್ತೈತಿ. ಮೊದಲನೇದಕ್ಕ ಹಿಡಿದ್ರ ಈ ತುದಿಯಿಂದ ಆ ತುದಿ ತನಕ ಬರೀ ಬೀಪ್. ಮೀಟರಿನ ಡಯೋಡ್ ಮೋಡಿನಾಗ ಕೆಂಪು ಎಲ್‌ಇಡಿ ಮಿಣುಕ್ತಾವ, ಬಿಳಿ, ನೀಲಿ ಉರಿಯಂಗಿಲ್ಲ. ಅಮೆರಿಕದ ವಿಡಿಯೋದಾಗ ಪಿಸ್ತೂಲು ಥರ ಒಂದು ಟೂಲ್ ತೋರಸ್ತಾರಲ್ರಿ, ಟ್ರಿಗರ್ ಎಳೆದ್ರ ಇಡೀ ಸರ ಹತ್ತಿಕೊಳ್ತೈತಿ, ಅದು ನಮ್ಮ ಸೆಟ್ಟಿಗೆ ನಡೀತೈತೇನು? ಇಲ್ಲಾ ಮಂಡಿಪೇಟೆ ಕಡೆ ಸಿಗೋ ಸಾಮಾನಿನಾಗ ಏನಾರ ಮಾಡ್ಕೋಬಹುದಾ?

ಟಿವಿ_ಬೆಂಚ್

ಆ ಪಿಸ್ತೂಲು ಲೈಟ್‌ಕೀಪರ್ ಪ್ರೋ ಇರಬೇಕು. ಅದು ಎಲ್‌ಇಡಿಗೆ ಅಲ್ಲ, ಹಳೇ ತಂತು ಬಲ್ಬಿನ ಮಿನಿ ಸೆಟ್ಟಿಗೆ. ಆ ಬಲ್ಬುಗಳಲ್ಲಿ ತಂತಿನ ಕೆಳಗೆ ಷಂಟ್ ಅಂತ ಒಂದು ಸಣ್ಣ ತಂತಿ ಸುತ್ತಿರುತ್ತೆ. ತಂತು ಕಡಿದಾಗ ಷಂಟ್ ಕೂಡಿಕೊಂಡು ಉಳಿದ ಬಲ್ಬ್ ಉರೀಬೇಕು, ಎಷ್ಟೋ ಸಲ ಕೂಡಲ್ಲ. ಟ್ರಿಗರ್ ಒಳಗಿನ ಪೀಜೋ, ಗ್ಯಾಸ್ ಲೈಟರಿನಲ್ಲಿ ಇರುತ್ತಲ್ಲ ಅದೇ, ಹೆಚ್ಚಿನ ವೋಲ್ಟೇಜಿನ ಹೊಡೆತ ಕೊಟ್ಟು ಅದನ್ನ ಕೂಡಿಸುತ್ತೆ. ನಿಮ್ಮ ಎಲ್‌ಇಡಿಯಲ್ಲಿ ಷಂಟೇ ಇಲ್ಲ, ಕೂಡಿಸೋದು ಏನನ್ನ? ಎಲ್‌ಇಡಿಗೆ ಅಂತ ಬೇರೆ ಟೂಲ್ ಬರುತ್ತೆ, ಅದೂ ಅಲ್ಲಿನ 120 ವೋಲ್ಟ್ ಸೆಟ್ಟಿಗೆ ಮಾಡಿದ್ದು. ದುಡ್ಡು ಹಾಕಬೇಡಿ.

ಪೆನ್ ಯಾಕೆ ಎಲ್ಲಾ ಕಡೆ ಕೂಗುತ್ತೆ ಅಂದ್ರೆ, ಎಸಿಯನ್ನ ಡಿಸಿ ಮಾಡೋ ನಾಲ್ಕು ಡಯೋಡಿನ ಬ್ರಿಡ್ಜ್ ಇದ್ದಾಗ ಪ್ಲಸ್ ತಂತಿ ಅರ್ಧ ಸೈಕಲ್ ಫೇಸಿಗೆ ಸೇರಿರುತ್ತೆ, ಉಳಿದರ್ಧ ಮೈನಸ್ ತಂತಿ ಫೇಸಿಗೆ ಸೇರಿರುತ್ತೆ. ನೆಲಕ್ಕೆ ಹೋಲಿಸಿದರೆ ಎರಡೂ ಜೀವಂತ. ಸರ ಎಲ್ಲಿ ಕಡಿದಿದ್ರೂ ಕಡಿತದ ಆ ಕಡೆ ಈ ಕಡೆ ಎರಡೂ ಬೀಪ್. ಪಕ್ಕದಲ್ಲೇ ಬೇರೆ ಚಾನೆಲ್ ವೈರ್ ಹೆಣೆದುಕೊಂಡಿರೋದು ಇನ್ನೊಂದು ಕಾಟ. ಪೆನ್ ಕೆಟ್ಟಿಲ್ಲ, ಆ ಸೆಟ್ಟಿಗೆ ಅದು ಆಗಿಬರಲ್ಲ ಅಷ್ಟೆ.

ನಿಮಗೆ ಬೇಕಾಗಿರೋದು ಟಿವಿ ರಿಪೇರಿಯವರು ಇಟ್ಟುಕೊಳ್ಳೋ ಎಲ್‌ಇಡಿ ಬ್ಯಾಕ್‌ಲೈಟ್ ಟೆಸ್ಟರ್. ಅಂಗೈಯಲ್ಲಿ ಕೂರೋ ಡಬ್ಬಿ, ಎರಡು ಪ್ರೋಬ್, ಸಣ್ಣ ಡಿಸ್‌ಪ್ಲೇ. ಕರೆಂಟನ್ನ ಕೆಲವೇ ಮಿಲಿ ಆ್ಯಂಪಿಗೆ ಕಟ್ಟಿಹಾಕಿ, ವೋಲ್ಟೇಜನ್ನ 0ಯಿಂದ ಸುಮಾರು 300ರ ತನಕ ತಾನೇ ಏರಿಸುತ್ತೆ. ಸರ ಹತ್ತಿದ ಕೂಡಲೇ ಎಷ್ಟು ವೋಲ್ಟಿಗೆ ಹತ್ತಿತು ಅಂತ ತೋರಿಸುತ್ತೆ. ಒಂದು ಎಲ್‌ಇಡಿ ಇಟ್ಟರೂ ಸುಡಲ್ಲ, ಐವತ್ತು ಇಟ್ಟರೂ ಉರಿಸುತ್ತೆ. ಕೊಳ್ಳುವಾಗ 300 ವೋಲ್ಟಿನದೇ ಅಂತ ನೋಡಿಕೊಳ್ಳಿ.

ಬಳಸೋದು ಹೀಗೆ. ಸೆಟ್ ಪ್ಲಗ್ಗಿನಿಂದ ಕಿತ್ತು, ಕತ್ತಲಾದ ಚಾನೆಲಿನ ವೈರನ್ನೂ ಕಾಮನ್ ವೈರನ್ನೂ ಡಬ್ಬಿಯಿಂದ ಬಿಚ್ಚಿ. ಡಬ್ಬಿ ಸೇರಿದ್ದಂಗೇ 300 ವೋಲ್ಟ್ ಕೊಟ್ಟರೆ ಒಳಗಿನ ಐಸಿ (ಚಿಪ್) ಸುಟ್ಟು ಹೋಗಬಹುದು. ಇಂಥ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಕಾಮನ್ನೇ ಪ್ಲಸ್, ಕೆಂಪು ಪ್ರೋಬ್ ಅದಕ್ಕೆ. ಕಪ್ಪು ಪ್ರೋಬನ್ನ ಆ ಚಾನೆಲಿನ ನಡುವಿನ ಎಲ್‌ಇಡಿಯ ಕಾಲಿಗೆ. 48 ಎಲ್‌ಇಡಿ ಇದ್ರೆ 24ನೇದಕ್ಕೆ. ಅಷ್ಟೂ ಉರಿದರೆ ತೊಂದರೆ ಉಳಿದರ್ಧದಲ್ಲಿ. ಉರಿಯದೆ ಡಿಸ್‌ಪ್ಲೇ 300ರ ಹತ್ರ ಹೋಗಿ ನಿಂತರೆ ಈ ಅರ್ಧದಲ್ಲೇ ಕಡಿದಿದೆ, ಇಲ್ಲಾ ಪ್ರೋಬ್ ಉಲ್ಟಾ ಆಗಿದೆ, ಒಮ್ಮೆ ಅದಲುಬದಲು ಮಾಡಿ ನೋಡಿ. ಆಮೇಲೆ 12, 6, 3. ಐದಾರು ಸಲ ಮುಟ್ಟಿದರೆ ಒಂದು ಬಲ್ಬಿಗೆ ಬಂದು ನಿಲ್ತೀರಿ.

ದಾರಿ ತಪ್ಪಿಸೋ ಜಾಗ ಮೂರು. ಒಂದೇ ಸರದಲ್ಲಿ ಬಲ್ಬ್‌ಗಳು ಕೆಂಪು, ಹಸಿರು, ನೀಲಿ ಅಂತ ಬದಲಾಗುತ್ತಾ ಬಂದಿದ್ರೆ ಮೂರೂ ಚಾನೆಲ್ ಒಂದರೊಳಗೊಂದು ಹೆಣೆದಿರುತ್ತವೆ. ಎಣಿಕೆ ಆ ಚಾನೆಲಿನ ಬಲ್ಬಿಗೆ ಮಾತ್ರ ಮಾಡಬೇಕು. ಎರಡನೇದು, ಒಂದೇ ಚಾನೆಲಿನಲ್ಲಿ ಎರಡು ಸರಪಳಿ ಪ್ಯಾರಲಲ್ ಇದ್ದರೆ ತುದಿಯಿಂದ ತುದಿಗೆ ಟೆಸ್ಟ್ ಮಾಡಿದಾಗ ಒಳ್ಳೇದು ಉರಿದು ವೋಲ್ಟೇಜ್ ಸರಿಯಾಗೇ ಕಾಣುತ್ತೆ. ಅದಕ್ಕೆ ಡಿಸ್‌ಪ್ಲೇ ನಂಬೋ ಬದಲು ಬಲ್ಬ್ ನೋಡಿ. ಮೂರನೇದು, ಎರಡು ಅರ್ಧವೂ ಉರಿಯದಿದ್ರೆ ಟೆಸ್ಟರ್ ಬೈಬೇಡಿ, ಎರಡು ಕಡೆ ಹೋಗಿದೆ.

ಡಿಸ್‌ಪ್ಲೇ ಇನ್ನೊಂದು ಕೆಲಸಕ್ಕೆ ಬರುತ್ತೆ. ಇಷ್ಟು ಕಡಿಮೆ ಕರೆಂಟಿನಲ್ಲಿ ಕೆಂಪು, ಹಳದಿ ಒಂದಕ್ಕೆ ಸುಮಾರು 1.8ರಿಂದ 2 ವೋಲ್ಟ್, ಬಿಳಿ, ನೀಲಿ, ಪ್ರಖರ ಹಸಿರು 2.7ರಿಂದ 3. ಬಿಳಿ 24ಕ್ಕೆ 65ರಿಂದ 72 ಬರಬೇಕಾದಲ್ಲಿ 58 ಬಂತು ಅಂದ್ರೆ ಮೂರರಿಂದ ಐದು ಒಳಗೇ ಶಾರ್ಟ್ ಆಗಿವೆ. ಶಾರ್ಟ್ ಆದದ್ದು ಸರ ಕತ್ತಲು ಮಾಡಲ್ಲ, ತಾನು ಮಾತ್ರ ಉರಿಯಲ್ಲ.

ಪ್ರೋಬ್ ತುದಿಯಲ್ಲಿ 300 ವೋಲ್ಟ್ ಡಿಸಿ ಇರುತ್ತೆ. ಅಗ್ಗದ ಟೆಸ್ಟರಿನ ಔಟ್‌ಪುಟ್ ಮೇನ್ಸಿನಿಂದ ಬೇರ್ಪಟ್ಟಿಲ್ಲ ಅಂತಲೇ ತಿಳಿದು ಕೆಲಸ ಮಾಡಿ. ಕಾಲಲ್ಲಿ ಚಪ್ಪಲಿ, ಒಣ ನೆಲ, ಬರಿಗೈ ಲೋಹಕ್ಕೆ ತಾಗಬಾರದು.

ದುರ್ಗದ_ವೈರ್‌ಮನ್

ಟೆಸ್ಟರ್ ಹಿಡಿಯೋಕೆ ಮುಂಚೆ ತಪ್ಪು ಸರದ್ದೋ ಡಬ್ಬಿದೋ ನೋಡ್ರಿ. ಪ್ಲಗ್ ಕಿತ್ತು, ಕತ್ತಲಾದ ಚಾನೆಲ್ ವೈರನ್ನೂ ಉರಿಯೋ ಚಾನೆಲ್ ವೈರನ್ನೂ ಡಬ್ಬಿ ಒಳಗೆ ಅದಲುಬದಲು ಬೆಸುಗೆ ಹಾಕಿ. ಅದೇ ಸರ ಇನ್ನೂ ಕತ್ತಲಾಗಿದ್ರೆ ತಪ್ಪು ಸರದ್ದು. ಕತ್ತಲು ಇನ್ನೊಂದು ಸರಕ್ಕೆ ಹೋದ್ರೆ ಎಸ್‌ಸಿಆರ್ ಸತ್ತೈತೆ. ಒಂದು ಚಾನೆಲ್ ಮಿಣುಕದೆ ಸದಾ ಉರೀತಾ ಇದ್ರೆ ಆ ಎಸ್‌ಸಿಆರ್ ಶಾರ್ಟ್, ಬಲ್ಬ್ ಹುಡುಕೋದು ದಂಡ. ಮೂರೂ ಕತ್ತಲಾದ್ರೆ ಮೊದಲು ಪ್ಲಗ್ ಬುಡದ ವೈರ್, ಆಮೇಲೆ ಕಾಮನ್ ಬೆಸುಗೆ.

ಡಬ್ಬಿ ಇಲ್ಲದ ನಿಮ್ಮ ಎರಡನೇ ನಮೂನೆಗೆ ಪೆನ್ನೇ ಸಾಕು, ಒಂದು ಉಪಾಯ ಐತೆ. ಫೇಸ್ ಕಡೆಯಿಂದ ಬೀಪ್ ಮಾಡ್ತಾ ಹೋಗಿ, ನಿಂತ ಬಲ್ಬಿಗೆ ಟೇಪ್ ಸುತ್ತಿ. ಈಗ ಎರಡು ಪಿನ್ ಪ್ಲಗ್ ಕಿತ್ತು ತಿರುಗಿಸಿ ಹಾಕಿ. ಫೇಸ್ ಇನ್ನೊಂದು ತುದಿಯಿಂದ ಬರುತ್ತೆ, ಆ ಕಡೆಯಿಂದ ಹುಡುಕ್ತಾ ಬನ್ನಿ. ಎರಡು ಸಲವೂ ಅದೇ ಬಲ್ಬಿನ ಹತ್ರ ನಿಂತರೆ ಅದೇ ಕಳ್ಳ. ಬೇರೆ ಬೇರೆ ಕಡೆ ನಿಂತ್ರೆ ಕಮ್ಮಿ ಅಂದ್ರೂ ಆ ಎರಡು ಹೋಗಿವೆ. ಪೆನ್ ತುದಿ ಬಲ್ಬಿನ ಕಾಲಿನ ಹತ್ರ ಇರ್ಲಿ. ವಾಪಸ್ ಬರೋ ಉದ್ದ ವೈರ್ ಜೊತೆಗೇ ಸುತ್ತಿರುತ್ತಲ್ಲ, ಅದರ ಮೇಲೆ ಹಿಡಿದ್ರೆ ಸುಳ್ಳು ಹೇಳುತ್ತೆ.

ಕೊನೆಗೆ ಸಿಕ್ಕ ಎರಡು ಮೂರು ಬಲ್ಬ್ ಖಾತ್ರಿ ಮಾಡೋಕೆ 300 ವೋಲ್ಟ್ ಯಾಕೆ? 9 ವೋಲ್ಟ್ ಬ್ಯಾಟರಿ, ಅದರ ಕ್ಲಿಪ್, 1 ಕಿಲೋ ಓಮ್ ರೆಸಿಸ್ಟರ್, ಎರಡು ಹೊಲಿಗೆ ಸೂಜಿ. ಕೆಂಪು ವೈರಿಗೆ ರೆಸಿಸ್ಟರ್ ಸೀರಿಯಲ್ ಹಾಕಿ ಸೂಜಿ ಬೆಸೆದು, ತುದಿ ಬಿಟ್ಟು ಮಿಕ್ಕಿದ್ದಕ್ಕೆ ಸ್ಲೀವ್ ಹಾಕ್ರಿ. ಬಿಳಿಗೆ 6, ಕೆಂಪಿಗೆ 7 ಮಿಲಿ ಆ್ಯಂಪ್ ಹೋಗುತ್ತೆ. ಅಗ್ಗದ ಮೀಟರ್ ಡಯೋಡ್ ಮೋಡಿನಲ್ಲಿ 3 ವೋಲ್ಟೂ ಕೊಡಲ್ಲ, ಅದಕ್ಕೇ ನಿಮ್ಮ ಬಿಳಿ, ನೀಲಿ ಉರೀಲಿಲ್ಲ.

ಸೆಟ್ ಉರೀತಾ ಇರುವಾಗಲೇ ಒಂದೊಂದು ಬಲ್ಬಿನ ಎರಡು ಕಾಲಿಗೂ ವೈರ್ ತುಂಡು ಶಾರ್ಟ್ ಮಾಡ್ತಾ ಹೋಗೋ ಪದ್ಧತಿ ಪೆಂಡಾಲ್ ಹುಡುಗರಲ್ಲಿ ಐತೆ. ಬಿಡಿಸ್ರಿ ಅದನ್ನ. ಕಡಿದ ಜಾಗದಲ್ಲಿ ಎರಡು ಕಾಲಿನ ನಡುವೆ ಪೂರ್ತಿ ಮೇನ್ಸ್ ವೋಲ್ಟೇಜೇ ಇರುತ್ತೆ.

ಶಾಮಿಯಾನ_ದಾವಣಗೆರೆ

ಚಲೋ ಹೇಳಿದ್ರಿ ಇಬ್ರೂ. ಎರಡು ಅನುಮಾನ. ಸೂಜಿ ಚುಚ್ಚಿದ್ರ ವೈರಿಗೆ ತೂತು ಬೀಳ್ತೈತಿ, ಮಳೆಗಾಲದಾಗ ಏನ್ ಗತಿ? ಇನ್ನೊಂದು, ಕೆಟ್ಟ ಬಲ್ಬ್ ತೆಗೆದು ಎರಡು ತುದಿ ಹೊಸೆದು ಟೇಪ್ ಸುತ್ತಿಬಿಟ್ರ ಆಗಂಗಿಲ್ಲೇನು? ಹುಡುಗರು ಹಂಗೇ ಮಾಡ್ತಾರ.

ಟಿವಿ_ಬೆಂಚ್

ಹೊಸೆದು ಬಿಡೋದು ಸರದಲ್ಲಿ ಎಷ್ಟು ಬಲ್ಬ್ ಇವೆ ಅನ್ನೋದರ ಮೇಲೆ. 230 ವೋಲ್ಟ್ ಎಸಿಯ ಶಿಖರ, ಅಂದ್ರೆ ಪ್ರತಿ ಸೈಕಲಿನಲ್ಲೂ ಅದು ಮುಟ್ಟೋ ಗರಿಷ್ಠ ವೋಲ್ಟೇಜ್, 325. ಬಿಳಿ 50 ಇದ್ರೆ ಬಲ್ಬುಗಳು 150 ತಿಂತವೆ, ಉಳಿದ 175 ರೆಸಿಸ್ಟರಿನ ಮೇಲೆ. ಒಂದು ಬಲ್ಬ್ ತೆಗೆದರೆ ರೆಸಿಸ್ಟರಿಗೆ 3 ವೋಲ್ಟ್ ಜಾಸ್ತಿ, ನೂರಕ್ಕೆ ಎರಡೂ ಇಲ್ಲ. ಎರಡು ಮೂರು ತೆಗೆದರೂ ನಡೆಯುತ್ತೆ.

ಅದೇ ಬಿಳಿ 100 ಒಂದೇ ಸರದಲ್ಲಿದ್ರೆ 300 ಬಲ್ಬಿಗೇ ಹೋಯ್ತು, ರೆಸಿಸ್ಟರಿಗೆ ಉಳಿದದ್ದು 25. ನಾಲ್ಕು ತೆಗೆದರೆ 37, ಶಿಖರದ ಕರೆಂಟ್ ಒಂದೂವರೆ ಪಟ್ಟು. ರಾತ್ರಿ ಲೋಡ್ ಇಳಿದು ಲೈನ್ 250ಕ್ಕೆ ಏರಿದರೆ ಶಿಖರ 353. ಒಂದೂ ತೆಗೆಯದಿದ್ರೂ ರೆಸಿಸ್ಟರಿನ ಮೇಲೆ 25 ಇದ್ದದ್ದು 53 ಆಗುತ್ತೆ, ಕರೆಂಟ್ ಎರಡರಷ್ಟು. ಈ ಜಾತಿ ಸೆಟ್ ನಡುರಾತ್ರಿ ಸಾಯೋದು, ಒಂದು ಶಾರ್ಟ್ ಆದ ಮೇಲೆ ಸಾಲಾಗಿ ಹೋಗೋದು ಇದಕ್ಕೇ. ಇವಕ್ಕೆ ಬಲ್ಬ್ ಹಾಕಲೇಬೇಕು. ಬಿಳಿ ಸಿಗದಿದ್ರೆ ನೀಲಿ ಹಾಕಿ, ವೋಲ್ಟೇಜ್ ಹೆಚ್ಚುಕಮ್ಮಿ ಒಂದೇ. ಕೆಂಪು ಹಾಕಿದರೂ ಒಂದೇ ವೋಲ್ಟಿನ ವ್ಯತ್ಯಾಸ.

ಸೋಲ್ಡರ್_ಕಡ್ಡಿ

ವೈರಿಗೆ ಚುಚ್ಚಬೇಡಿ. ಬಲ್ಬಿನ ಕಾಲು ಮುಚ್ಚಿರೋ ಪ್ಲಾಸ್ಟಿಕ್ ಸ್ಲೀವ್ ಇದೆಯಲ್ಲ, ಅದರ ಕೆಳಗೆ ವೈರ್ ಒಳಗೆ ಹೋಗೋ ಸಂದಿನಿಂದ ಸೂಜಿ ಜಾರಿಸಿದರೆ ನೇರ ಬೆಸುಗೆಗೆ ತಾಗುತ್ತೆ. ಅಕಸ್ಮಾತ್ ವೈರಿಗೇ ಚುಚ್ಚಿದ್ರೆ ಉಗುರು ಬಣ್ಣ ಎರಡು ಹನಿ.

ಬಿಚ್ಚಿ ನೋಡಿದ್ರೆ ಬಹಳ ಸಲ ಎಲ್‌ಇಡಿ ಚೆನ್ನಾಗೇ ಇರುತ್ತೆ. ಅದರ ಕಾಲು ಕಬ್ಬಿಣ, ಮೇಲೆ ತೆಳ್ಳಗಿನ ತವರದ ಲೇಪ. ಸ್ಲೀವ್ ಒಳಗೆ ನೀರು ನಿಂತು ಪ್ಲಸ್ ಕಡೆ ಕಾಲು ಕಂದು ಪುಡಿಯಾಗಿ, ಬಲ್ಬ್ ಬುಡದಲ್ಲೇ ಮುರಿದಿರುತ್ತೆ. ಬುಡದಲ್ಲಿ 2 ಮಿಲಿಮೀಟರ್ ಕಾಲು ಉಳಿದಿದ್ರೆ ಬ್ಲೇಡಿನಿಂದ ಹೊಳೆಯೋ ತನಕ ಕೆರೆದು ಅದನ್ನೇ ಬೆಸೆಯಬಹುದು. ನಿಜವಾಗಿ ಸುಟ್ಟಿದ್ರೆ ಬಿಳಿ ಎಲ್‌ಇಡಿಯ ಹಳದಿ ಮಚ್ಚೆ ನಡುವೆ ಕರಿ ಚುಕ್ಕೆ ಕಾಣುತ್ತೆ.

ಹೊಸದು ಹಾಕುವಾಗ ಉದ್ದ ಕಾಲು ಪ್ಲಸ್. ಕಾಲು ಕತ್ತರಿಸಿಬಿಟ್ಟಿದ್ರೆ ಅಂಚು ಚಪ್ಪಟೆ ಇರೋ ಕಡೆ ಮೈನಸ್. ಉಲ್ಟಾ ಹಾಕಿದ್ರೆ ಇಡೀ ಸರ ಕತ್ತಲು, ಜೊತೆಗೆ ಆ ಎಲ್‌ಇಡಿ ಮೇಲೆ ಪೂರ್ತಿ ವೋಲ್ಟೇಜ್ ಉಲ್ಟಾ ಬೀಳುತ್ತೆ. ಅದು ತಡೆಯೋದು ಸಾಮಾನ್ಯವಾಗಿ 5 ವೋಲ್ಟ್. 25 ವ್ಯಾಟ್ ಐರನ್, 60/40 ಸೋಲ್ಡರ್, ಕಾಲಿಗೆ ಮೂರು ಸೆಕೆಂಡಿಗಿಂತ ಹೆಚ್ಚು ಬಿಸಿ ಬೇಡ. ಹೊಸೆದು ಬರೀ ಟೇಪ್ ಸುತ್ತಿದ ಜಾಯಿಂಟು ಒಂದು ಮಳೆ ತಡೆಯಲ್ಲ, ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಮೇಲೆ ಸಿಲಿಕಾನ್ ಹಚ್ಚೋದಾದ್ರೆ ವಿನೆಗರ್ ಥರ ಹುಳಿ ವಾಸನೆ ಬರೋದು ಬೇಡ, ಅದರ ಆಮ್ಲ ತಾಮ್ರ ತಿನ್ನುತ್ತೆ. ಟ್ಯೂಬ್ ಮೇಲೆ ನ್ಯೂಟ್ರಲ್ ಅಂತ ಬರೆದಿರೋದು ತಗೊಳ್ಳಿ.

ರೆಸಿಸ್ಟರ್ ಸ್ಲೀವ್ ಕಪ್ಪಾಗಿ ಬಣ್ಣದ ಪಟ್ಟಿ ಕಾಣದಿದ್ರೆ, ಅದೇ ಥರದ ಒಳ್ಳೇ ಸೆಟ್ಟಿನ ಅದೇ ಚಾನೆಲಿನ ರೆಸಿಸ್ಟರ್ ಅಳೆದು ಅದೇ ಬೆಲೆಯದು ಹಾಕಿ, ವ್ಯಾಟೇಜ್ ಒಂದು ಮೆಟ್ಟಿಲು ಮೇಲೆ ಇರಲಿ.

ಸ್ಲೀವ್ ಒಳಗೆಲ್ಲ ತುಕ್ಕು ಹಿಡಿದ ಸೆಟ್ ರಿಪೇರಿ ಮಾಡಲೇಬೇಡಿ. ಇವತ್ತು ಒಂದು ಕಾಲು ಬೆಸೆದರೆ ನಾಳೆ ಪಕ್ಕದ್ದು ಮುರಿಯುತ್ತೆ. ಒಳ್ಳೇ ಬಲ್ಬ್ ಬಿಚ್ಚಿಟ್ಟುಕೊಂಡು ವೈರ್ ಗುಜರಿಗೆ ಹಾಕಿ.

ಮೆರವಣಿಗೆ_ಲೈಟ್ಸ್

ಇದೇ ಟೆಸ್ಟರ್ ಪಿಕ್ಸೆಲ್ ಬೋರ್ಡಿಗೆ ಆಗುತ್ತಾ, ಒಂದೊಂದು ಬಲ್ಬಿನಲ್ಲೂ ಚಿಪ್ ಇರುತ್ತಲ್ಲ ಅದಕ್ಕೆ? ಡಬ್ಲ್ಯೂಎಸ್2811 ಚಿಪ್, 5 ವೋಲ್ಟಿಂದು. ಒಂದು ಬಲ್ಬಿನಿಂದ ಮುಂದಕ್ಕೆ ಎಲ್ಲಾ ಸತ್ತಿವೆ.

ಟಿವಿ_ಬೆಂಚ್

ದಯವಿಟ್ಟು ತಾಗಿಸಬೇಡಿ, 300 ವೋಲ್ಟ್ ಒಂದು ಸಲ ಮುಟ್ಟಿದರೆ ಐಸಿಗಳು ಹೋದವು. ಪಿಕ್ಸೆಲ್ ಸೀರಿಯಲ್ ಅಲ್ಲ. ಕರೆಂಟ್ ಪ್ಯಾರಲಲ್, ಡೇಟಾ ಮಾತ್ರ ಒಂದರಿಂದ ಒಂದಕ್ಕೆ ದಾಟುತ್ತೆ. ಸತ್ತ ಮೊದಲನೇದಕ್ಕೆ 5 ವೋಲ್ಟ್ ಬರ್ತಿದೆಯಾ ಅಂತ ಮೀಟರಿನಲ್ಲಿ ನೋಡಿ. ಬರ್ತಿದ್ರೆ ತಪ್ಪು ಆ ಪಿಕ್ಸೆಲಿನ ಒಳಬರುವ ಡೇಟಾದಲ್ಲಿ, ಇಲ್ಲಾ ಅದರ ಹಿಂದಿನ, ಉರಿಯುತ್ತಿರೋ ಪಿಕ್ಸೆಲಿನ ಹೊರಹೋಗುವ ಡೇಟಾದಲ್ಲಿ. ಎಷ್ಟೋ ಜನ ಸತ್ತದ್ದನ್ನ ಮಾತ್ರ ಬದಲಿಸಿ ತಲೆ ಕೆರ್ಕೊಳ್ತಾರೆ. ಎರಡನ್ನೂ ಬದಲಿಸಿ, ಬಾಣದ ಗುರುತು ಕಂಟ್ರೋಲರಿನಿಂದ ಹೊರಮುಖ ಇರಲಿ. ಸಾಯದೆ ದೂರದವು ಬಿಳಿ ಬದಲು ಕೆಂಪಗೆ ತಿರುಗ್ತಿದ್ರೆ ಅದು ವೋಲ್ಟೇಜ್ ಇಳಿತ, ಪ್ರತಿ 50 ಪಿಕ್ಸೆಲಿಗೊಮ್ಮೆ 5 ವೋಲ್ಟ್ ವೈರ್ ಹೊಸದಾಗಿ ಎಳೆದು ಕೊಡಿ.