ಬಾರ್ನೈಟ್: ‘ನವಿಲು ಅದಿರು’ ಅನ್ನಬಹುದೇ? ಅದರ ಬಣ್ಣ ‘ಕಿಲುಬೇ’?

ಗೆಳೆಯರೇ,

ಹೈಸ್ಕೂಲು ಮಕ್ಕಳಿಗೆ ಖನಿಜಗಳ ಬಗ್ಗೆ ಚಿಕ್ಕ ಪುಸ್ತಕವೊಂದನ್ನು ಬರೆಯುತ್ತಿದ್ದೇನೆ. ಬಾರ್ನೈಟ್ ಹತ್ತಿರ ಬಂದು ಪದಕ್ಕೆ ತಡಕಾಡುವಂತಾಗಿದೆ.

ತಾಮ್ರ, ಕಬ್ಬಿಣ, ಗಂಧಕ ಕೂಡಿದ ಅದಿರು ಇದು. ತೂಕದಲ್ಲಿ ಶೇ. 63ರಷ್ಟು ತಾಮ್ರವೇ, ಹಾಗಾಗಿ ಸಿಕ್ಕಲ್ಲಿ ತಾಮ್ರ ತೆಗೆಯಲು ಬಲು ಒಳ್ಳೆಯದು. ಆಸ್ಟ್ರಿಯಾದ ಖನಿಜ ತಜ್ಞ ಇಗ್ನಾಜ್ ಫಾನ್ ಬಾರ್ನ್ ನೆನಪಿಗೆ 1845ರಲ್ಲಿ ಈ ಹೆಸರಿಟ್ಟರು. ಇಂಗ್ಲಿಷಿನವರ ಬಳಕೆಯ ಹೆಸರು ಪೀಕಾಕ್ ಓರ್. ಅದನ್ನೇ ‘ನವಿಲು ಅದಿರು’ ಅಂದರೆ ಕಿವಿಗೆ ಚೆನ್ನ, ಅಲ್ವಾ? ಆದರೆ ಆ ಹೆಸರಲ್ಲಿ ಅಂಗಡಿಯವರು ಮಾರುವುದು ಎಷ್ಟೋ ಸಲ ಆಸಿಡ್ ಹಾಕಿ ಬಣ್ಣ ಬರಿಸಿದ ಚಾಲ್ಕೊಪೈರೈಟ್ ಎಂಬ ಇನ್ನೊಂದು ತಾಮ್ರದ ಅದಿರು. ಅದರಲ್ಲಿ ತಾಮ್ರ ಶೇ. 35ಕ್ಕಿಂತ ಕಡಿಮೆ. ಒಂದು ಮೂಲೆ ಮುರಿದರೆ ಗುಟ್ಟು ರಟ್ಟು: ಒಳಗೆ ಹಿತ್ತಾಳೆ ಹಳದಿ ಕಂಡರೆ ಚಾಲ್ಕೊಪೈರೈಟ್, ಕೆಂಪು ಬೆರೆತ ಕಂಚಿನ ಬಣ್ಣ ಕಂಡರೆ ಬಾರ್ನೈಟ್. ಈ ಒಳಗಿನ ಬಣ್ಣ ನೋಡಿಯೇ ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಯವರು ಇದನ್ನು ‘ಕುದುರೆ ಮಾಂಸದ ಅದಿರು’ ಅನ್ನುತ್ತಿದ್ದರು. ನನಗಂತೂ ನವಿಲಿಗಿಂತ ಕುದುರೆಯೇ ಪ್ರಾಮಾಣಿಕ ಅನ್ನಿಸುತ್ತದೆ! ಪುಸ್ತಕದಲ್ಲಿ ಸುಮ್ನೆ ಬಾರ್ನೈಟ್ ಅಂತಲೇ ಇಟ್ಟು, ನವಿಲು ಅದಿರನ್ನು ಅಂಗಡಿ ಹೆಸರು ಎಂದು ಹೇಳೋಣ ಅಂದುಕೊಂಡಿದ್ದೇನೆ.

ಜಾಸ್ತಿ ತಲೆನೋವು ಮೇಲಿನ ಬಣ್ಣದ್ದು. ಮುರಿದ ಕಡೆ ಗಾಳಿ, ತೇವ ತಾಗಿದರೆ ತೆಳುವಾದ ಪೊರೆ ಕಟ್ಟುತ್ತದೆ. ಮಳೆನೀರಿನ ಮೇಲೆ ಚೆಲ್ಲಿದ ಡೀಸೆಲ್‌ನಂತೆ ಆ ಪೊರೆಯಲ್ಲೇ ನೇರಳೆ, ನೀಲಿ ಕಾಣುವುದು. ಕಬ್ಬಿಣಕ್ಕೆ ತುಕ್ಕು, ತಾಮ್ರದ ಚೊಂಬಿಗೆ ಕಿಲುಬು ಅನ್ನುತ್ತೇವೆ. ಇದಕ್ಕೂ ‘ಕಿಲುಬು’ ನಡೆಯುತ್ತದೆಯೇ? ಕಿಲುಬು ಅಂದ ಕೂಡಲೇ ಹುಣಸೆಹಣ್ಣು ಹಾಕಿ ತಿಕ್ಕಬೇಕಾದ ಹಸಿರು ಕೊಳೆ ನೆನಪಾಗುತ್ತದೆ. ‘ಬಣ್ಣದ ಪೊರೆ’ ಸಾಕೇ?

ಇನ್ನೊಂದು ಸಣ್ಣದು. ಟೈಲ್ಸ್‌ನ ಹೊಳಪಿಲ್ಲದ ಹಿಂಬದಿಗೆ ಈ ಕಲ್ಲು ಉಜ್ಜಿದರೆ ಬೂದುಗಪ್ಪು ಗೆರೆ ಬೀಳುತ್ತದೆ. ‘ಒರೆಗಲ್ಲು’ ಅನ್ನೋ ಪದ ಇರುವಾಗ ಈ ಗೆರೆಯ ಬಣ್ಣಕ್ಕೆ ‘ಒರೆಬಣ್ಣ’ ಎಂದರೆ ಸಾಕು ಅಂತ ನನ್ನ ವಾದ. ಬೇರೆ ಪದ ಬಳಕೆಯಲ್ಲಿದ್ದರೆ ಹೇಳಿ.

ಚಿತ್ರದುರ್ಗದ ಇಂಗಳದಾಳ್ ತಾಮ್ರದ ಗಣಿಯಲ್ಲಿ ಮುಖ್ಯವಾಗಿ ಸಿಗುತ್ತಿದ್ದದ್ದು ಚಾಲ್ಕೊಪೈರೈಟ್. ಅಲ್ಲಿನ ಕೆಲಸಗಾರರು ಅದನ್ನು ಏನೆಂದು ಕರೆಯುತ್ತಿದ್ದರು? ಆ ಕಡೆಯವರು ಯಾರಾದರೂ ಇದ್ದರೆ ಮನೆಯ ಹಿರಿಯರನ್ನು ಕೇಳಿ ತಿಳಿಸಿ.