ಬೂದು ಹುಂಜ, ಕಪ್ಪು ಹ್ಯಾಟೆ: ಮರಿಗಳೆಲ್ಲ ಕಪ್ಪೇ ಬರ್ತಿವೆ, ಯಾಕೆ?

ಚಿಂತಾಮಣಿ ಹಿತ್ತಲು:
ನನ್ನವು ಕೊಚಿನ್ ಬ್ಯಾಂಟಮ್, ಕಾಲಿಗೂ ಪುಕ್ಕ ಇರೋ ಪುಟ್ಟ ಅಲಂಕಾರಿಕ ಕೋಳಿ ತಳಿ. ಬೂದು ಹುಂಜ ಒಂದು, ಕಪ್ಪು ಹ್ಯಾಟೆ ಮೂರು. ಹುಂಜ ‘ಬ್ಲೂ’ (ಕೋಳಿಯಲ್ಲಿ ಒಂದು ಬಗೆಯ ಬೂದು ಬಣ್ಣ) ಅಂತ ಹೇಳಿ ಕೊಟ್ಟಿದ್ದು. ಆ ಲೆಕ್ಕದಲ್ಲಿ ಅರ್ಧ ಮರಿ ಬ್ಲೂ ಬರಬೇಕಿತ್ತು. 17 ಮರಿಯಲ್ಲಿ ಒಂದೂ ಬೂದು ಇಲ್ಲ. ಸಾಲದ್ದಕ್ಕೆ ಬೆಳೆದ ಗಂಡು ಮರಿಗಳ ಬೆನ್ನಲ್ಲಿ ಕೆಂಪು ಹೊಂಬಣ್ಣ ಕಾಣ್ತಿದೆ. ಪಕ್ಕದ ಮನೆಯ ಕಪ್ಪು ನಾಟಿ ಹುಂಜ ಗೋಡೆ ಹಾರಿ ಬರುತ್ತೆ. ಅದರ ಕೆಲಸ ಇರಬಹುದಾ?

ಗುಬ್ಬಿ ಕೋಳಿಗೂಡು:
ಮರಿಯ ಕಾಲು ಹಿಡಿದು ನೋಡಿ. ಎರಡೂ ಕಡೆ ಕೊಚಿನ್ ಆದರೆ ಕಾಲಿನ ಹೊರಮಗ್ಗುಲಿಗೆ ಪುಕ್ಕ ದಟ್ಟವಾಗಿ ಇಳಿದು ನಡುಬೆರಳ ಮೇಲೂ ಬಂದಿರುತ್ತೆ. ನಾಟಿ ಬೆರಕೆಗೆ ಪುಕ್ಕ ಬಂದರೂ ಅಲ್ಲೊಂದು ಇಲ್ಲೊಂದು, ನಡುಬೆರಳು ಸಾಮಾನ್ಯವಾಗಿ ಬೋಳು.

ಚಿಂತಾಮಣಿ ಹಿತ್ತಲು:
ಎಲ್ಲದಕ್ಕೂ ನಡುಬೆರಳಲ್ಲಿ ಪುಕ್ಕ ಇದೆ ಅಣ್ಣ. ಇನ್ನೊಂದು, ಹುಂಜದ ಬಾಲದ ಗರಿಗಳು ತುದಿಯಲ್ಲಿ ಎಳೆ ಎಳೆಯಾಗಿ ಹರಿದಂತಿವೆ. ಹೇನು ಹುಡುಕಿದರೆ ಸಿಗಲಿಲ್ಲ.

ಮಾಲೂರು ಫ್ಯಾನ್ಸಿ:
ಆ ಬಾಲವೇ ಉತ್ತರ ಹೇಳ್ತಿದೆ. ನಿಮ್ಮದು ಬ್ಲೂ ಅಲ್ಲ, ಲ್ಯಾವೆಂಡರ್ ಅನ್ನೋ ಇನ್ನೊಂದು ಬಗೆಯ ಬೂದು. ಲ್ಯಾವೆಂಡರ್‌ಗೆ ಲ್ಯಾವೆಂಡರನ್ನೇ ತಲೆಮಾರುಗಟ್ಟಲೆ ಹಾಕಿದ ಸಾಲಿನಲ್ಲಿ (ವಂಶದಲ್ಲಿ) ಗರಿ ಹೀಗೆ ಹರಿಯುವ ದೋಷ ಸೇರಿಕೊಂಡಿರುತ್ತೆ. ಹೇನಿನ ಪುಡಿ ಹಾಕಿ ಪ್ರಯೋಜನವಿಲ್ಲ.

ಬ್ಲೂ ಜೀನ್ ಒಂದು ಪಾಲು ಇದ್ದರೆ ಸಾಕು, ಕಪ್ಪು ತಿಳಿಯಾಗಿ ಬ್ಲೂ ಆಗುತ್ತೆ. ಎರಡು ಪಾಲು ಸೇರಿದರೆ ಸ್ಪ್ಲಾಶ್, ಅಂದರೆ ಬಿಳಿ ಮೈ ಮೇಲೆ ಬೂದು ಚುಕ್ಕೆ. ನಿಮ್ಮ ಹುಂಜ ನಿಜವಾದ ಬ್ಲೂ ಆಗಿದ್ದು 17ಕ್ಕೆ 17 ಕಪ್ಪು ಬರೋದು ಲಕ್ಷಕ್ಕೊಂದು ಸಲವೂ ಆಗದ ಮಾತು. ಲ್ಯಾವೆಂಡರ್ ಬೇರೆಯದೇ ಜೀನ್. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಬಣ್ಣ ತೋರುತ್ತೆ, ಒಂದೇ ಕಡೆಯಿಂದ ಬಂದರೆ ಮರಿ ಕಪ್ಪಾಗಿಯೇ ಇದ್ದು ಒಳಗೆ ಹೊತ್ತುಕೊಂಡಿರುತ್ತೆ. ನಿಮ್ಮ 17 ಮರಿಯೂ ಹಾಗೇ.

ಕಣ್ಣಳತೆಯಲ್ಲಿ ಗುರುತಿಸೋದೂ ಕಷ್ಟವಲ್ಲ. ಬ್ಲೂ ಹುಂಜದ ಕುತ್ತಿಗೆ, ಬೆನ್ನು ಕಪ್ಪಿಗೆ ಹತ್ತಿರ, ಎದೆಯ ಗರಿಗಳಿಗೆ ಕಡುಬಣ್ಣದ ಅಂಚು. ಲ್ಯಾವೆಂಡರ್ ತಲೆಯಿಂದ ಬಾಲದವರೆಗೆ ಒಂದೇ ತಿಳಿಬೂದು, ಅಂಚೇ ಇರಲ್ಲ. ಅಮೆರಿಕದವರು ಲ್ಯಾವೆಂಡರನ್ನು ‘ಸೆಲ್ಫ್ ಬ್ಲೂ’ ಅಂತ ಕರೀತಾರೆ. ಮಾರುವವರು ಸೆಲ್ಫ್ ನುಂಗಿ ಬ್ಲೂ ಅಷ್ಟೇ ಹೇಳಿದರೆ ನಮ್ಮ ಲೆಕ್ಕ ಕೆಟ್ಟಿತು.

ಗುಬ್ಬಿ ಕೋಳಿಗೂಡು:
ಹೊಂಬಣ್ಣದ ವಿಷಯ. ಹುಂಜದ ಕುತ್ತಿಗೆಯಲ್ಲಿ ಒಣಹುಲ್ಲಿನ ಛಾಯೆ ಇದೆಯಾ ನೋಡಿ. ಬ್ಲೂ ಜೀನ್ ಹೊಂಬಣ್ಣವನ್ನು ಮುಟ್ಟಲ್ಲ, ಲ್ಯಾವೆಂಡರ್ ಅದನ್ನೂ ತಿಳಿ ಮಾಡಿ ಹುಲ್ಲಿನ ಬಣ್ಣಕ್ಕೆ ತರುತ್ತೆ. ಅಪ್ಪನಲ್ಲಿ ಮರೆಯಾಗಿದ್ದದ್ದು ಕಪ್ಪು ಗಂಡು ಮರಿಯಲ್ಲಿ ಎದ್ದು ಕಾಣುತ್ತೆ. ಬಿಸಿಲಿಗೂ ಗರಿ ಹಳದಿಗಟ್ಟೋದುಂಟು. ಮೇಲಿನ ಗರಿ ಎತ್ತಿ ನೋಡಿ, ಮರೆಯಲ್ಲಿರುವ ಗರಿ ಶುದ್ಧ ಬೂದು ಇದ್ದರೆ ಬಿಸಿಲು, ಅಲ್ಲೂ ಛಾಯೆ ಇದ್ದರೆ ರಕ್ತದಲ್ಲೇ ಇದೆ. ಹ್ಯಾಟೆಗಳಲ್ಲಿ ಈ ದೋಷ ಕಾಣದೆ ಅಡಗಿರುತ್ತೆ, ಹಾಗಾಗಿ ನಿಮ್ಮ ಮೂರರಲ್ಲಿ ಯಾವುದರ ಗಂಡು ಮರಿಗೆ ಕೆಂಪು ಹೆಚ್ಚು ಅನ್ನೋದೂ ಮುಖ್ಯ.

ಚಿಂತಾಮಣಿ ಹಿತ್ತಲು:
ಒಳಗರಿಯಲ್ಲೂ ಹುಲ್ಲಿನ ಬಣ್ಣ ಇದೆ. ಮೂರೂ ಒಂದೇ ಗೂಡಲ್ಲಿ ಇಡುತ್ವೆ, ಯಾವ ಮೊಟ್ಟೆ ಯಾವುದರದ್ದು ಗೊತ್ತಿಲ್ಲ. ಮುಂದೇನು ಮಾಡಲಿ? ನಿಜವಾದ ಬ್ಲೂ ಹ್ಯಾಟೆ ತಂದು ಸೇರಿಸಲಾ?

ಮಾಲೂರು ಫ್ಯಾನ್ಸಿ:
ಬೇಡವೇ ಬೇಡ. ಎರಡೂ ಜೀನ್ ಕಲಸಿದರೆ ಆಮೇಲೆ ಯಾವ ಬೂದು ಯಾವುದು ಅಂತ ನಿಮಗೂ ತಿಳಿಯಲ್ಲ, ಕೊಂಡವರಿಗೂ ತಿಳಿಯಲ್ಲ.

ಕೆಂಪು ತೋರಿದ ಗಂಡುಗಳನ್ನು ಸಾಲಿನಿಂದ ತೆಗೀರಿ. ಹೆಣ್ಣು ಮರಿಗಳಲ್ಲಿ ಗರಿ ಅಗಲವಾಗಿ, ಬಿಗಿಯಾಗಿರುವ ನಾಲ್ಕನ್ನು ಆರಿಸಿ ಅಪ್ಪನಿಗೇ ಹಾಕಿ. ಅರ್ಧ ಲ್ಯಾವೆಂಡರ್ ಬರುತ್ವೆ, ಉಳಿದರ್ಧ ಕಪ್ಪು, ಆ ಕಪ್ಪೆಲ್ಲ ಜೀನ್ ಹೊತ್ತಿದ್ದೇ. ಮೊಟ್ಟೆಯೊಡೆದ ದಿನವೇ ತಿಳಿಬೂದು ತುಪ್ಪುಳದಿಂದ ಗುರುತು ಸಿಗುತ್ತೆ. ಅಣ್ಣ ತಂಗಿಗೆ ಹಾಕಿದರೆ ಕಾಲುಭಾಗ ಮಾತ್ರ ಲ್ಯಾವೆಂಡರ್, ಮತ್ತೆ ಕಪ್ಪಿನಲ್ಲಿ ಮೂರಕ್ಕೊಂದು ಜೀನ್ ಇಲ್ಲದ್ದು, ಯಾವುದೆಂದು ನೋಡಿ ಹೇಳಕ್ಕಾಗಲ್ಲ. ಹರಿದ ಗರಿಯ ದೋಷ ಲ್ಯಾವೆಂಡರ್ ಜೀನಿಗೆ ತೀರಾ ಹತ್ತಿರ ಅಂಟಿಕೊಂಡಿದೆ, ಒಂದೇ ಸಲಕ್ಕೆ ಬಿಡಲ್ಲ. ಬಾಲ ಚೆನ್ನಾಗಿರುವ ಲ್ಯಾವೆಂಡರ್ ಸಿಕ್ಕರೆ ಅದನ್ನೇ ಇಟ್ಟುಕೊಂಡು ಮತ್ತೊಮ್ಮೆ ಒಳ್ಳೆ ಕಪ್ಪಿಗೆ ಹಾಕಬೇಕು.

ಒಂದೊಂದು ಹ್ಯಾಟೆಗೆ ಬೇರೆ ಗೂಡು ಮಾಡಿ, ಮೊಟ್ಟೆಗೆ ಪೆನ್ಸಿಲ್ ಗುರುತು, ಮರಿಗೆ ಬಣ್ಣದ ಕಾಲುಂಗುರ. ಉಂಗುರ ಬೆಳೆದಂತೆ ಬದಲಿಸಿ, ಇಲ್ಲದಿದ್ದರೆ ಕಾಲಿಗೆ ಇಳಿಯುತ್ತೆ. ಗೋಡೆ ಹಾರುವ ಹುಂಜಕ್ಕೆ ಮೇಲೆ ಬಲೆ ಹಾಕಿ. ಒಂದು ಸಲ ಕೂಡಿದರೂ ಹ್ಯಾಟೆಯ ಮೈಯಲ್ಲಿ ವೀರ್ಯ ಎರಡು ಮೂರು ವಾರ ಉಳಿಯುತ್ತೆ, ಬಲೆ ಹಾಕಿ ಮೂರು ವಾರ ಕಳೆದ ಮೇಲಿನ ಮೊಟ್ಟೆಯನ್ನೇ ಕಾವಿಗಿಡಿ. ನಿಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಆ ಮೊಟ್ಟೆಗಳನ್ನು ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆಯಲ್ಲಿಟ್ಟು, ವಾರದೊಳಗೆ ಕಾವಿಗೆ ಹಾಕಿ.

ಬ್ಲೂನೇ ಬೇಕು ಅನ್ನೋದಾದರೆ ಈ ಗುಂಪು ಬಿಟ್ಟು, ಬೇರೆ ಗೂಡಲ್ಲಿ ಸ್ಪ್ಲಾಶ್ ಹುಂಜಕ್ಕೆ ಕಪ್ಪು ಹ್ಯಾಟೆ ಹಾಕಿ. ಮರಿ ಅಷ್ಟೂ ಬ್ಲೂ.